ನನಗೇನಾಗಿದೆ ಅಂತ ನನ್ನನ್ನೇ ಯಾರೂ ಕೇಳಲಿಲ್ಲ

ಮೈಸೂರಿನ ಕುವೆಂಪುನಗರದ ಮನೆಯೊಂದರಲ್ಲಿ, ಕಸೂತಿಯ ಹೊದಿಕೆ ಹೊದ್ದು ಹಾಲಿನ ಮೂಲೆಯಲ್ಲಿ ಕೂತಿರುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಕೆಲಕಾಲದಿಂದ ಮೈ ಸರಿಯಿಲ್ಲ. ಕೆಲಸದ ನಡುವೆ ತಟ್ಟನೆ ಆರಿಹೋಗುತ್ತದೆ. ಕೆಲವು ದಿನ ಬೆಳಿಗ್ಗೆ ಏಳುವುದೇ ಇಲ್ಲ. ಯಜಮಾನರು, ಅವರ ಅಳಿಯ, ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಎಲ್ಲರೂ ತಮ್ಮ ಅಭಿಪ್ರಾಯ ಕೊಟ್ಟಾಗಿದೆ. ಸ್ವತಃ ಡೆಸ್ಕ್‌ಟಾಪಿನ ಹೇಳಿಕೆ ಪಡೆಯುವುದು ಬಾಕಿಯಿತ್ತು. ಮನೆಯವರು ಮದುವೆಗೆ ಹೋಗಿದ್ದಾಗ ಆ ಕೆಲಸ ಮುಗಿಸಿದೆವು.

ನಮಸ್ಕಾರ, ಹೇಗಿದ್ದೀರಿ?

ಇದ್ದೀನಿ ಸ್ವಾಮಿ. ಕಳೆದ ವಾರ ತಾನೇ ಫಾರ್ಮ್ಯಾಟ್ ಆಗಿದೆ. ನಿಮ್ಮ ಪರಿಚಯ ಮೊದಲೇ ಇದ್ದಿದ್ದರೂ ನೆನಪಿಲ್ಲ, ಬೇಜಾರು ಮಾಡ್ಕೋಬೇಡಿ.

ಮತ್ತೆ ಫಾರ್ಮ್ಯಾಟಾ?

ಇನ್ನೇನು? ನಿಧಾನವಾದರೆ ಫಾರ್ಮ್ಯಾಟ್, ಸದ್ದು ಬಂದರೆ ಫಾರ್ಮ್ಯಾಟ್. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗಲೂ ಫಾರ್ಮ್ಯಾಟ್ ಆಗಿದ್ದು ನಾನೇ. ಮೊಮ್ಮಗಳ ನಾಮಕರಣದ ಫೋಟೋ ಎಲ್ಲಾ ‘ಡೆಸ್ಕ್‌ಟಾಪ್ ಮೇಲೇ ಇದೆ, ಭದ್ರವಾಗಿದೆ’ ಅಂತಿದ್ದರು. ಅಲ್ಲಿಟ್ಟದ್ದು ಸಿ ಡ್ರೈವಿನಲ್ಲೇ ಇರುತ್ತೆ ಅಂತ ಗೊತ್ತಾಗಿದ್ದು ಸಿ ಡ್ರೈವ್ ಅಳಿಸಿದ ಮೇಲೆ.

ಆದರೆ ಏನು ತೊಂದರೆ ಅಂತ ನೀವೂ ಬಾಯಿ ಬಿಡುವುದಿಲ್ಲವಲ್ಲ?

ಒಳ್ಳೇ ಮಾತು! ಗುಂಡಿ ಒತ್ತಿದ ಕೂಡಲೇ ನನ್ನನ್ನು ನಾನೇ ಪರೀಕ್ಷೆ ಮಾಡ್ಕೋತೀನಿ. ಅದಕ್ಕೆ ‘ಪೋಸ್ಟ್’ ಅಂತಾರೆ. ನಮ್ಮ ಹಿರಿಯರು ಬೀಪ್ ಹೊಡೆದು ಹೇಳ್ತಿದ್ದರು. ನನ್ನ ಮದರ್‌ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ನಾಲ್ಕು ದೀಪ ಇವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದು ಆರದೆ ಉಳಿಯುತ್ತೋ ಹುಡುಕಾಟ ಅಲ್ಲಿಂದ ಶುರುವಾಗಬೇಕು. ಒಮ್ಮೆ ಡಿರ‍್ಯಾಮ್ ದೀಪ ಬೆಳಗಿನಿಂದ ಸಂಜೆವರೆಗೆ ಉರೀತು. ರ‍್ಯಾಮ್ ಕಳಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ, ‘ಟಕ್’ ಅನ್ನೋವರೆಗೆ ಒತ್ತಿ ಕೂರಿಸಿದ್ದರೆ ಮುಗೀತಿತ್ತು. ಪರದೆಯಲ್ಲಿ ಏನೂ ಕಾಣಿಸ್ತಿಲ್ಲ ಅಂತ ಅಳಿಯಂದಿರು ಹೊಸ ಮಾನಿಟರ್ ತಂದರು. ಆಮೇಲೆ ಎರಡರಲ್ಲೂ ಏನೂ ಕಾಣಿಸ್ತಿರಲಿಲ್ಲ.

ನೀಲಿ ಪರದೆ ಬಂದಾಗ?

ಅದರ ಕೆಳಗೆ ಕಾರಣದ ಸುಳಿವು ಬರೆದಿರ್ತೀನಿ. ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂದರೆ ಮೊದಲು ರ‍್ಯಾಮ್ ನೋಡಿ. ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಬಿಡಿ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂದರೆ ವಿಂಡೋಸ್ ಇರುವ ಡಿಸ್ಕ್ ಕೈಗೆ ಸಿಗ್ತಿಲ್ಲ. ಕೇಬಲ್ ನೋಡಿ, ಬಯಾಸ್ ನೋಡಿ. ಯಜಮಾನರು ಫೋಟೋ ತೆಗೀತಾರೆ, ಸುಳಿವಿನ ಸಾಲೊಂದು ಬಿಟ್ಟು. ಅದನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕ್ತಾರೆ. ಹನ್ನೊಂದು ಜನ ಕೈ ಮುಗೀತಾರೆ. ಕುಸಿದಾಗ ಏನಾಗಿತ್ತು ಅನ್ನೋದನ್ನ ‘ಮಿನಿಡಂಪ್’ ಫೋಲ್ಡರಿನಲ್ಲೂ ಬರೆದಿಟ್ಟಿರ್ತೀನಿ. ಅಷ್ಟರಲ್ಲಿ ಫಾರ್ಮ್ಯಾಟ್! ಕೊಲೆಯಾದ ಕೋಣೆ ಸಾರಿಸಿ, ರಂಗೋಲಿ ಹಾಕಿ, ಆಮೇಲೆ ಪೊಲೀಸರನ್ನ ಕರೆದರಂತೆ.

ಆದರೂ ಫಾರ್ಮ್ಯಾಟಿನಿಂದ ಗುಣವಾಗುವುದೂ ಉಂಟಲ್ಲ?

ಉಂಟು, ಕೊನೆಯ ದಾರಿಯಾಗಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ ನಮ್ಮ ಪೈಕಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ಮೈಕ್ರೋಸಾಫ್ಟಿನವರದೇ ಲೆಕ್ಕ. ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆಗ ಇಂಜಿನಿಯರುಗಳು ಮಾಡಿದ್ದೇನು? ಸೇಫ್ ಮೋಡ್‌ಗೆ ಹೋಗಿ ಆ ಕೆಟ್ಟ ಫೈಲನ್ನ ಅಳಿಸಿ ರೀಸ್ಟಾರ್ಟ್ ಮಾಡಿದರು. ನಮ್ಮ ಪಕ್ಕದ ಮನೆ ಹುಡುಗ ಅಲ್ಲಿದ್ದಿದ್ದರೆ ಫಾರ್ಮ್ಯಾಟ್ ಮಾಡೋಕೆ 85 ಲಕ್ಷ ಪೆನ್‌ಡ್ರೈವಿಗೆ ಆರ್ಡರ್ ಕೊಡ್ತಿದ್ದ.

ಮನೆಯವರು ನಿಮ್ಮನ್ನು ಭಕ್ತಿಯಿಂದ ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೇವೆ.

ಭಕ್ತಿಗೇನೂ ಕಡಿಮೆಯಿಲ್ಲ. ಆಯುಧಪೂಜೆಗೆ ಮೈಗೆಲ್ಲ ಅರಿಶಿನ, ಕುಂಕುಮ. ಗಾಳಿ ಆಡೋ ಜಾಲರಿಗೇ ಚೆಂಡುಹೂವಿನ ಹಾರ. ಅದನ್ನೆಲ್ಲ ಫ್ಯಾನು ಒಳಗೆಳೆದು ಹೀಟ್‌ಸಿಂಕಿನ ಸಂದಿಗೆ ತುಂಬುತ್ತೆ. ಪ್ರೊಸೆಸರ್ 100 ಡಿಗ್ರಿ ಮುಟ್ಟೋ ಹೊತ್ತಿಗೆ ತಾನೇ ನಿಧಾನ ಆಗುತ್ತೆ. ಅದಕ್ಕೂ ಮೀರಿದರೆ ಪ್ರಾಣ ಉಳಿಸಿಕೊಳ್ಳೋಕೆ ಆರಿಬಿಡುತ್ತೆ. ಧೂಳು ಹೊಡೆಯೋದು ಬಿಟ್ಟು ‘ವೈರಸ್’ ಅಂದರು. ಇನ್ನೊಂದು ಸಲ 3 ವೋಲ್ಟಿನ ಸಿಆರ್2032 ಬಿಲ್ಲೆ ಬ್ಯಾಟರಿ ಮುಗಿದು ನನ್ನ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಯ್ತು. ದಿನಾಂಕ ಹೊಂದದೆ ಬ್ಯಾಂಕಿನ ಪುಟ ‘ಸುರಕ್ಷಿತವಲ್ಲ’ ಅಂತು. ಯಜಮಾನರು ಪಾಸ್‌ಬುಕ್ ಹಿಡಿದು ಬ್ಯಾಂಕಿಗೇ ಓಡಿದರು.

ಸರಿ, ಈಗಿನ ತೊಂದರೆಗೆ ಕಾರಣವೇನು?

ಅಂತೂ ಕೇಳಿದಿರಿ! ಏನು ಮಾಡೋಣ ಅಂತ ಎಲ್ಲರೂ ಚರ್ಚೆ ಮಾಡಿದರು. ಯಾವಾಗ ಹೀಗಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಇವೆಂಟ್ ವ್ಯೂವರ್ ತೆಗೆದು ನೋಡಿ. ಫಾರ್ಮ್ಯಾಟ್ ಆದ ಮರುದಿನದಿಂದ ಮತ್ತೆ ಬರೆದಿಟ್ಟಿದ್ದೀನಿ: ‘ಕರ್ನಲ್-ಪವರ್ 41’, ಬಗ್‌ಚೆಕ್ ಕೋಡ್ ಸೊನ್ನೆ. ನೀಲಿ ಪರದೆಗೂ ಪುರುಸೊತ್ತಿಲ್ಲದೆ ಆರಿದ್ದೀನಿ ಅಂತ ಅರ್ಥ. ಮೊದಲು ಕರೆಂಟಿನ ಮೇಲೇ ಅನುಮಾನ ಪಡಬೇಕು. ಹೊತ್ತು ನೋಡಿ: ಪ್ರತಿ ಸಲವೂ ಸಂಜೆ, ಅಮ್ಮಾವ್ರು ಸಂಪಿನ ಮೋಟರ್ ಹಾಕೋ ಗಳಿಗೆ. ಮೋಟರ್ ಎದ್ದ ಏಟಿಗೆ ವೋಲ್ಟೇಜ್ ಕುಸಿಯುತ್ತೆ. ಯುಪಿಎಸ್ ತನ್ನ ಬ್ಯಾಟರಿಗೆ ಬದಲಾಗುತ್ತೆ. ಆ 12 ವೋಲ್ಟಿನ ಬ್ಯಾಟರಿ ಉಬ್ಬಿ ಸತ್ತು ಎಷ್ಟು ಕಾಲವಾಯ್ತೋ! ಮೇಲಿನ ಹಸಿರು ದೀಪ ಉರೀತಿದೆ, ಅದಕ್ಕೇ ಯಾರಿಗೂ ಅನುಮಾನ ಇಲ್ಲ.

ಹಾಗಾದರೆ ಬೆಳಿಗ್ಗೆ ಏಳದಿರುವುದು?

ಡಿಸ್ಕಿಗೆ ಬರೀತಿರುವಾಗ ಕರೆಂಟ್ ಹೋದರೆ ಫೈಲು ಅರೆಬರೆ ಆಗುತ್ತೆ. ಅದು ವಿಂಡೋಸಿನದೇ ಆದರೆ ಮಾರನೇ ದಿನ ‘ಆಟೋಮ್ಯಾಟಿಕ್ ರಿಪೇರಿ’ ಅಂತ ಸುತ್ತುತ್ತಾ ಕೂರ್ತೀನಿ. ಫಾರ್ಮ್ಯಾಟ್ ಮಾಡಿದರೆ ಎದ್ದೇಳ್ತೀನಿ. ಹುಡುಗನಿಗೆ ಶಹಬ್ಬಾಸ್‌ಗಿರಿ. ಸಂಜೆ ಮತ್ತೆ ಮೋಟರ್.

ಮನೆಯವರು ಬಂದ ಮೇಲೆ ಇದನ್ನು ತಿಳಿಸಲೇ?

ತಿಳಿಸಿ, ಪುಣ್ಯ ಬರುತ್ತೆ. ಆದರೆ ಲೆಕ್ಕ ಅವರಿಗೂ ಗೊತ್ತು ಸ್ವಾಮಿ. ಬ್ಯಾಟರಿಗೆ ದುಡ್ಡು ಬಿಚ್ಚಬೇಕು. ಫಾರ್ಮ್ಯಾಟಿಗೆ ಆ ಹುಡುಗನಿಗೆ ಒಂದು ಲೋಟ ಕಾಫಿ, ನಾಲ್ಕು ಕೋಡುಬಳೆ ಕೊಟ್ಟರಾಯ್ತು.