ನಾಲಿಗೆಗೆ ಯಾವ ಜಿಲ್ಲೆ?

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯವರು ಬಾಯಿ ಬಿಟ್ಟರೆ ಸಾಕು, ಕೇಳಿದವರು ಊರು ಊಹಿಸಲು ಶುರುಮಾಡುತ್ತಾರೆ. ಶಿವಮೊಗ್ಗದಲ್ಲಿ ‘ದಾವಣಗೆರೆ ಕಡೆಯೋರಾ?’, ದಾವಣಗೆರೆಯಲ್ಲಿ ‘ಮಲ್ನಾಡಿನೋರಾ?’, ಬೆಂಗಳೂರಿನಲ್ಲಿ ‘ಹುಬ್ಳಿನಾ?’, ಹುಬ್ಬಳ್ಳಿಯಲ್ಲಿ ‘ಬೆಂಗ್ಳೂರ್ ಮಂದಿ ಏನ್ರೀ?’ 1997ರಲ್ಲಿ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು. ಕಡತಗಳು ಹೋದವು, ನಾಲಿಗೆಗೆ ಮಾತ್ರ ಇನ್ನೂ ವರ್ಗಾವಣೆ ಆದೇಶ ತಲುಪಿಲ್ಲ.

ಇಂಗ್ಲಿಷ್ ಹುಟ್ಟಿದ ನಾಡಿನವರ ಪಾಡೂ ಇಷ್ಟೇ. ಲಂಡನ್ನಿನವರು ಅಮೆರಿಕದ ಹೋಟೆಲಿನಲ್ಲಿ ‘ವಾಟಾ’ ಎಂದರೆ ಮಾಣಿ ಕಣ್ಣು ಕಣ್ಣು ಬಿಡುತ್ತಾನೆ. ‘ವಾಡರ್’ ಎಂದು ನಾಲಿಗೆ ಹೊರಳಿಸಿದ ಮೇಲೇ ನೀರು. ನಮ್ಮವರು ಜಾಣರು. ಹುಬ್ಬಳ್ಳಿಯಲ್ಲಿ ಮಾತಿನ ತುದಿಗೊಂದು ‘ರೀ’ ಅಂಟಿಸುತ್ತಾರೆ, ಗಿರ್ಮಿಟ್ ಜೊತೆ ಮಿರ್ಚಿಯೂ ಬರುತ್ತದೆ. ಬೆಂಗಳೂರಿನ ಹೋಟೆಲಿನಲ್ಲಿ ಅಷ್ಟೂ ಕಷ್ಟವಿಲ್ಲ. ಯಾವ ಸೀಮೆಯ ಕನ್ನಡ ಆಡಿದರೂ ಮಾಣಿ ಉತ್ತರಿಸುವುದು ಹಿಂದಿಯಲ್ಲಿ!