ಹೆಪ್ಪು ಮತ್ತು ಹರಿವಾಣ

ನಮ್ಮ ಬೀದಿಯಲ್ಲಿ ಈಗಲೂ ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ. ಹಗಲಲ್ಲಾದರೆ ಕೇಳಿದವರಿಗೆಲ್ಲ ಒಂದು ಚಮಚ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ಒಯ್ದವರು ಹಿಂತಿರುಗಿಸಬೇಕೆಂಬ ಕಟ್ಟಳೆಯೂ ಇಲ್ಲ. ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು ಏನು ಮಾಡುತ್ತೀಯ ಎಂದು ಸೋದರತ್ತೆ ಕೇಳಿದಾಗ, ಓಪನ್ ಸೋರ್ಸ್ ಅಂದರೆ ತಿಳಿಯಲಿಕ್ಕಿಲ್ಲವೆಂದು ‘ಹೆಪ್ಪು ಹಂಚೋ ಕೆಲಸ ಅತ್ತೆ’ ಅಂದುಬಿಟ್ಟೆ. ಮುಂದಿನ ಮದುವೆಯಲ್ಲಿ ಇಬ್ಬರು ನೆಂಟರು ನನ್ನಲ್ಲಿ ತುಪ್ಪದ ದರ ವಿಚಾರಿಸಿದರು.

ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ರಾಕ್ಸ್‌ಮಾರ್ಕ್ 3 ಅಂತ ಅಂಗೈಯಲ್ಲಿ ಹಿಡಿಸುವ ಒಂದು ಸರ್ಕ್ಯೂಟ್ ಬೋರ್ಡು. ಆಫೀಸಿನ ಬಾಗಿಲು, ಲಿಫ್ಟು, ಬಸ್ಸು, ಮೆಟ್ರೋಗಳಲ್ಲಿ ಮುಟ್ಟಿಸುವ ಆರ್‌ಎಫ್‌ಐಡಿ ಕಾರ್ಡುಗಳು ಏನು ಮಾತಾಡುತ್ತವೆ ಎಂದು ಕದ್ದು ಕೇಳುವ, ಬೇಕಾದರೆ ಅವುಗಳ ಧಾಟಿಯಲ್ಲೇ ಮಾತಾಡುವ ಸಂಶೋಧನಾ ಉಪಕರಣ. ಜೊನಾಥನ್ ವೆಸ್ಟ್‌ಹ್ಯೂಸ್ ಎಂಬವರು ಇದನ್ನು ರೂಪಿಸಿ, 2007ರ ಹೊತ್ತಿಗೆ ನಕ್ಷೆ, ತಂತ್ರಾಂಶ ಎಲ್ಲವನ್ನೂ ಜಿಪಿಎಲ್ ಪರವಾನಗಿಯಲ್ಲಿ ಜಗತ್ತಿಗೆ ಕೊಟ್ಟರು. ಅಂದರೆ ಹಗಲು ಹೊತ್ತಿನ ಹೆಪ್ಪು. ಒಂದೇ ಷರತ್ತು: ಅದರಿಂದ ಮಾಡಿದ ಮೊಸರನ್ನು ನೀವು ಹಂಚಿದರೆ, ಹೆಪ್ಪನ್ನೂ ಕೊಡಬೇಕು.

ಈ ಕಾರ್ಡುಗಳಿಗೆ ಬ್ಯಾಟರಿ ಇರುವುದಿಲ್ಲ. ಒಳಗೊಂದು ತಂತಿಯ ಸುರುಳಿ, ಸಾಸಿವೆ ಗಾತ್ರದ ಚಿಪ್ಪು. ಓದುವ ಯಂತ್ರ ಹರಡುವ ಅಯಸ್ಕಾಂತ ಕ್ಷೇತ್ರದಿಂದಲೇ ಶಕ್ತಿ ಹೀರಿಕೊಂಡು, ಆ ಕ್ಷೇತ್ರವನ್ನೇ ಚೂರು ಜಗ್ಗಿ ಬಿಟ್ಟು ಉತ್ತರ ಹೇಳುತ್ತವೆ. ಎದುರುಮನೆಯವರ ಎಣ್ಣೆಯಲ್ಲೇ ದೀಪ ಹಚ್ಚಿ ಅವರಿಗೇ ಆರತಿ ಎತ್ತಿದ ಹಾಗೆ. ಇವುಗಳಲ್ಲಿ 125 ಕಿಲೋಹರ್ಟ್ಸ್‌ನ ಇಎಂ 4100 ಜಾತಿಯವಂತೂ ಪಾಪದವು. ಮನೆಗೆ ಬಂದವರು ‘ಹೆಸರೇನು ಪುಟ್ಟಾ?’ ಅಂದರೆ ಅಪ್ಪನ ಹೆಸರು, ಸಂಬಳ ಎಲ್ಲ ಒಪ್ಪಿಸುವ ಮಗುವಿನಂತೆ, ಯಾರು ಹತ್ತಿರ ಬಂದರೂ ತಮ್ಮ 64 ಬಿಟ್‌ಗಳನ್ನು ಪದೇಪದೇ ಒದರುತ್ತವೆ.

13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಮಾತ್ರ ಗುಟ್ಟಿನ ಕಾರ್ಡೆಂದು ಹೆಸರಾಗಿತ್ತು. 1994ರಿಂದ ಚಲಾವಣೆಯಲ್ಲಿದ್ದ ಅದರ ಬೀಗದಕೈ 48 ಬಿಟ್ಟಿನದು, ಬೀಗದ ಒಳರಚನೆಯೇ ರಹಸ್ಯ. 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮಾವೇಶವೊಂದರಲ್ಲಿ ಕಾರ್ಸ್ಟನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಜ್, ಚಿಪ್ಪನ್ನು ಪದರ ಪದರವಾಗಿ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ವಿವರಿಸಿದರು. ಮರುವರ್ಷ ನೆದರ್ಲೆಂಡ್ಸ್‌ನ ನೈಮೇಖನ್ ವಿಶ್ವವಿದ್ಯಾಲಯದವರು ಪೂರ್ತಿ ಬಿಚ್ಚಿಟ್ಟರು. ಪ್ರಬಂಧ ಅಚ್ಚಾಗಬಾರದೆಂದು ಚಿಪ್ಪು ತಯಾರಿಸಿದ ಕಂಪನಿ ಕೋರ್ಟಿಗೆ ಹೋಯಿತು. 2008ರ ಜುಲೈನಲ್ಲಿ ಕೋರ್ಟು ತಡೆ ಕೊಡಲಿಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡದವರ ಪೈಕಿ ಆ ಕಂಪನಿಯವರು. ತಮಾಷೆಯೆಂದರೆ ಅಷ್ಟೆಲ್ಲ ಗಣಿತವೇ ಬೇಡದ ಕಾರ್ಡುಗಳು ಈಗಲೂ ಸಿಗುತ್ತವೆ: ಕಾರ್ಖಾನೆಯಿಂದ ಬಂದಾಗಿನ ಕೀಲಿಯನ್ನು, ಅಂದರೆ ಸಾಲಾಗಿ ಹನ್ನೆರಡು ‘ಎಫ್’ಗಳನ್ನು, ಯಾರೂ ಬದಲಿಸಿಯೇ ಇರುವುದಿಲ್ಲ. ಬೀಗ ಜಗ್ಗಿ ನೋಡಿ, ಬೀಗದಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟು ಊರಿಗೆ ಹೋಗುವವರು ನಮ್ಮಲ್ಲಷ್ಟೇ ಇಲ್ಲ.

ಇಂಥ ಉಪಕರಣ ಮನೆಯಲ್ಲಿದೆ ಎಂದು ತಿಳಿದ ಮೇಲೆ ಅಕ್ಕಪಕ್ಕದವರಿಗೆ ನಾನು ಬೀಗ ರಿಪೇರಿಯವನಾದೆ. ಅಪಾರ್ಟ್‌ಮೆಂಟಿನ ಗೇಟ್ ಕಾರ್ಡಿಗೆ ನಕಲು ಕೇಳಿಕೊಂಡು ಬಂದವರಿಗೆ ‘ಸಂಘದ ಅಧ್ಯಕ್ಷರ ಚೀಟಿ ತನ್ನಿ’ ಅನ್ನುತ್ತೇನೆ. ಚೀಟಿ ತಂದವರು ಇಲ್ಲಿಯವರೆಗೆ ಯಾರೂ ಇಲ್ಲ. ಇನ್ನು ಕೆಲವರು ಫಾಸ್ಟ್ಯಾಗ್ ತರುತ್ತಾರೆ. ಅದು 865 ಮೆಗಾಹರ್ಟ್ಸ್ ಆಚೆಯ ಭಾಷೆ. ನನ್ನ ಬೋರ್ಡಿಗೆ ಅದು ಕಿವಿಗೇ ಬೀಳುವುದಿಲ್ಲ ಎಂದರೆ, ‘ಹಾಗಾದ್ರೆ ಏನು ಪ್ರಯೋಜನ ಸ್ವಾಮಿ?’ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ.

ನನ್ನ ಕೆಲಸ ಈ ಬೋರ್ಡಿನ ತಂತ್ರಾಂಶಕ್ಕೆ ಒಂದು ಪ್ರಯೋಗದ ಫೋರ್ಕನ್ನು ಸಾಕುವುದು. ಫೋರ್ಕ್ ಅಂದರೆ ಬೇರೆ ಒಲೆ ಹೂಡುವುದು. ಜಗಳವಾಡಿಕೊಂಡೇ ಹೋಗಬೇಕೆಂದಿಲ್ಲ, ದೊಡ್ಡಮನೆಯ ಸಾರಿಗೆ ಖಾರ ಸಾಲದು ಅನಿಸಿದರೂ ಸಾಕು. ಹೀಗೆ ಬೇರೆ ಒಲೆ ಹೂಡಿದವರಲ್ಲಿ ಐಸ್‌ಮ್ಯಾನ್ ಎಂಬ ಅಡ್ಡಹೆಸರಿನವರ ಫೋರ್ಕು ಎಷ್ಟು ಬೆಳೆಯಿತೆಂದರೆ, ಇವತ್ತು ಹೆಚ್ಚಿನವರು ಪ್ರಾಕ್ಸ್‌ಮಾರ್ಕ್ ಅಂದಾಗ ಬಳಸುವುದು ಅದನ್ನೇ. ಕವಲೇ ಕಾಂಡವಾಗಿಬಿಟ್ಟಿದೆ. ನನ್ನದು ಆ ಕವಲಿನ ಕವಲು, ಜಗುಲಿಯ ಮೂಲೆಯಲ್ಲಿ ಹೂಡಿದ ಮೂರು ಕಲ್ಲಿನ ಒಲೆ. ಉಣ್ಣುವವರು ನನ್ನನ್ನೂ ಸೇರಿಸಿ ನಾಲ್ಕೋ ಐದೋ ಮಂದಿ.

ಬೇರೆಯಾದರೂ ಹೆಪ್ಪಿಗೆ ದೊಡ್ಡಮನೆಗೇ ಹೋಗಬೇಕಲ್ಲ. ಅಲ್ಲಿ ದಿನಾ ನಡೆಯುವ ತಿದ್ದುಪಡಿಗಳನ್ನು ನನ್ನದರೊಳಗೆ ಬೆರೆಸಿಕೊಳ್ಳಬೇಕು. ನಾನು ತಿದ್ದಿದ ಸಾಲನ್ನೇ ಅವರೂ ತಿದ್ದಿದ್ದರೆ ಅದು ಹೊಲದ ಬದು ಸರಿಸಿದ ವ್ಯಾಜ್ಯ. ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶ ಎರಡು ಕಡೆಯ ಕಲ್ಲನ್ನೂ ನೆಟ್ಟು ತೋರಿಸಿ ಕೈಕಟ್ಟಿ ನಿಲ್ಲುತ್ತದೆ. ಮೇಲಾಗಿ ಜಾಗದ ಬಡತನ. ನನ್ನ ಹಳೆಯ ಬೋರ್ಡಿನಲ್ಲಿರುವುದು 256 ಕಿಲೋಬೈಟ್. ಫೋನಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅದು ಸಾಲಲಿಕ್ಕಿಲ್ಲ. ಮದುವೆಗೆ ಹೊರಟ ಟ್ರಂಕಿನ ಹಾಗೆ, ಹೊಸ ಸೀರೆ ಇಡಬೇಕಾದರೆ ಹಳೆಯದೊಂದನ್ನು ತೆಗೆಯಬೇಕು. ನನಗೆ ಬೇಡವೆಂದು ತೆಗೆದದ್ದೇ ಆ ನಾಲ್ವರಲ್ಲಿ ಒಬ್ಬರಿಗೆ ಬೇಕಾಗಿರುತ್ತದೆ, ಅದೂ ಮಾರನೆಯ ದಿನವೇ.

ಕಳೆದ ದಸರಾದಲ್ಲಿ ಆದದ್ದು ಕೇಳಿ. ಆಯುಧಪೂಜೆಗೆ ಅಮ್ಮ ನನ್ನ ಬೋರ್ಡನ್ನೂ ಕಾರ್ಡುಗಳನ್ನೂ ಹಿತ್ತಾಳೆಯ ಹರಿವಾಣದಲ್ಲಿ ಜೋಡಿಸಿ ಅರಿಸಿನ ಕುಂಕುಮ ಇಟ್ಟಳು. ಕಾರ್ಡು ಚೆಲ್ಲಾಪಿಲ್ಲಿ ಆಗದೆ ಇರಲಿಕ್ಕೆ ಅನುಕೂಲವಾಯಿತೆಂದು ಮರುದಿನ ನಾನು ಹರಿವಾಣ ಸಮೇತ ಮೇಜಿಗೆ ತಂದುಕೊಂಡೆ. ವಿಜಯದಶಮಿ, ಒಳ್ಳೆಯ ದಿನ ಅಂತ ದೊಡ್ಡಮನೆಯ ಸುಮಾರು 200 ತಿದ್ದುಪಡಿಗಳನ್ನು ಒಟ್ಟಿಗೆ ಬೆರೆಸಿದೆ. ಅಷ್ಟೇ. 125 ಕಿಲೋಹರ್ಟ್ಸ್‌ನ ಒಂದು ಕಾರ್ಡೂ ಬಾಯಿ ಬಿಡಲಿಲ್ಲ. ಮಗುವಿನಂತೆ ಒದರುತ್ತಿದ್ದ ಇಎಂ 4100 ಕೂಡ ಮೌನವ್ರತ ಹಿಡಿಯಿತು.

ಇನ್ನೂರರಲ್ಲಿ ಕಳ್ಳನನ್ನು ಹಿಡಿಯಲು ಗಿಟ್ಟಿನಲ್ಲಿ ಒಂದು ಉಪಾಯವಿದೆ. ಸರಿಯಿದ್ದ ದಿನ, ಕೆಟ್ಟ ದಿನ ಎರಡನ್ನೂ ಹೇಳಿದರೆ ಅದು ನಡುವಿನದನ್ನು ತೆಗೆದುಕೊಡುತ್ತದೆ. ಪರೀಕ್ಷಿಸಿ ಹೇಳಿದರೆ ಉಳಿದ ಅರ್ಧದ ನಡುವಿನದು. ಎಂಟು ಸುತ್ತಿಗೆ ಇನ್ನೂರು ಒಂದಾಗುತ್ತದೆ. ಎಂಟು ಸಲ ಕಂಪೈಲು, ಎಂಟು ಸಲ ಬೋರ್ಡಿಗೆ ತುಂಬಿಸುವುದು, ಎಂಟು ಸಲವೂ ‘ಕೆಟ್ಟಿದೆ’. ಎರಡು ರಾತ್ರಿಯ ಕೊನೆಗೆ ಗಿಟ್ ಅಪರಾಧಿಯನ್ನು ತಂದು ನಿಲ್ಲಿಸಿತು: ಸಹಾಯದ ಪಠ್ಯದಲ್ಲಿ ಯಾರೋ ಸ್ಪೆಲ್ಲಿಂಗ್ ತಪ್ಪೊಂದನ್ನು ತಿದ್ದಿದ್ದರು. ಸ್ಪೆಲ್ಲಿಂಗ್ ಸರಿಯಾದರೆ ಕಾರ್ಡು ಓದುವುದು ಹೇಗೆ ನಿಲ್ಲುತ್ತದೆ ಎಂದು ಯೋಚಿಸುವ ಬುದ್ಧಿ ಆ ಹೊತ್ತಿನಲ್ಲಿ ನನಗಿರಲಿಲ್ಲ. ದೊಡ್ಡಮನೆಯವರಿಗೆ ಒಂದು ಉದ್ದನೆಯ ದೂರು ಬರೆಯಲು ಕೂತೆ. ವಿನಯವಾಗಿಯೇ ಬರೆದೆ, ಮೂರನೆಯ ಪ್ಯಾರಾದವರೆಗೆ.

ಅಷ್ಟರಲ್ಲಿ ಅಮ್ಮ ಬಂದಳು. ‘ನಾಳೆ ಶುಕ್ರವಾರ ಕಣೋ, ಹರಿವಾಣ ಬೇಕು’ ಎಂದು ಬೋರ್ಡನ್ನು ಎತ್ತಿ ಮರದ ಮೇಜಿನ ಮೇಲಿಟ್ಟು, ಮೇಲೊಂದು ಕಾರ್ಡು ಪೇರಿಸಿ, ಹರಿವಾಣ ತೆಗೆದುಕೊಂಡಳು. ನಾನು ಅಭ್ಯಾಸಬಲದಿಂದ ಮತ್ತೊಮ್ಮೆ ಹುಡುಕುವ ಕಮಾಂಡು ಒತ್ತಿದೆ. ತೆರೆಯ ಮೇಲೆ ಕಾರ್ಡಿನ ನಂಬರು ಗಟಗಟನೆ ಬಂತು.

ಆಂಟೆನಾದ ಕೆಳಗೆ ಲೋಹದ ತಟ್ಟೆ ಇದ್ದರೆ ಅದರಲ್ಲಿ ಸುಳಿ ವಿದ್ಯುತ್ತು ಹುಟ್ಟಿ ಕ್ಷೇತ್ರವನ್ನು ನುಂಗುತ್ತದೆ, ಶ್ರುತಿಯೂ ತಪ್ಪುತ್ತದೆ. ಇದನ್ನು ಬೇರೆಯವರಿಗೆ ನಾನೇ ಹತ್ತಾರು ಸಲ ಹೇಳಿದ್ದೇನೆ. ಆಂಟೆನಾ ಸರಿಯಿದೆಯೇ ಎಂದು ನೋಡುವ ಕಮಾಂಡು ಕೂಡ ಇದೆ, ಕೆಲವೇ ಸೆಕೆಂಡಿನ ಕೆಲಸ. ಬರೆದಿದ್ದ ಮೂರು ಪ್ಯಾರಾಗಳನ್ನೂ ಅಳಿಸಿದೆ.

ಅಡುಗೆಮನೆಯಲ್ಲಿ ಅಮ್ಮ ಹುಣಸೆಹಣ್ಣು ಹಚ್ಚಿ ಹರಿವಾಣ ಉಜ್ಜುತ್ತಿದ್ದಳು. ನನ್ನ ಮುಖ ನೋಡಿ, ‘ಅಷ್ಟು ಬೇಜಾರು ಯಾಕೋ? ನಿನ್ನ ಮೆಷೀನಿಗೆ ಇದೇ ಆಗಬೇಕು ಅಂದ್ರೆ ಶನಿವಾರ ತಗೋ’ ಅಂದಳು.