ಬ್ರಾಕೆಟ್ ಸಾಹೇಬರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಬ್ರಾಕೆಟ್ ಅವರೇ,

ಕನ್ನಡ ಪತ್ರಿಕೆಗಳಲ್ಲಿ ತಾವು ಸಲ್ಲಿಸುತ್ತಿರುವ ಸೇವೆಯನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಅಪಘಾತದಲ್ಲಿ ತೀರಿಕೊಂಡವರ ವಯಸ್ಸು, ಗ್ರೂಪ್ ಫೋಟೊದಲ್ಲಿ ಎಡದಿಂದ ಎರಡನೆಯವರು, ಶಾಸಕರ ಪಕ್ಷ, ಎಲ್ಲವನ್ನೂ ಎರಡು ತೋಳುಗಳ ನಡುವೆ ಜೋಪಾನ ಮಾಡಿದ್ದೀರಿ. ಆದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಯೊಬ್ಬರ ಸುದ್ದಿ ಬಂತೆಂದರೆ ತಮಗೆ ಬರುವ ಹುರುಪೇ ಬೇರೆ. ಅವರು ಪಿಎಚ್‌ಡಿ ಮಾಡಿರಲಿ, ಪಂಚಾಯಿತಿ ಚುನಾವಣೆ ಗೆದ್ದಿರಲಿ, ಲಾರಿಯಡಿ ಸಿಕ್ಕಿ ಸತ್ತಿರಲಿ, ಹೆಸರು ಓದಿ ಮುಗಿಸುವಷ್ಟರಲ್ಲಿ ತಾವು ಹಾಜರು: 'ಮೂಲ ಹೆಸರು ಇಂಥದ್ದು'.

ಈ ಮಾಹಿತಿಗಾಗಿ ಎಷ್ಟು ಪಾಡುಪಡುತ್ತೀರಿ ಎಂಬುದೂ ಗೊತ್ತು. ರಾತ್ರಿ ಒಂಬತ್ತೂವರೆ, ಪುಟ ಹೋಗಬೇಕು. ಡೆಸ್ಕಿನಿಂದ ವರದಿಗಾರನಿಗೆ ಫೋನು.

"ಒರಿಜಿನಲ್ ಹೆಸರೇನ್ರೀ?"

"ಹೇಳೋಕೆ ಇಷ್ಟ ಇಲ್ಲ ಅಂದ್ರು ಸರ್."

"ಊರಲ್ಲಿ ಯಾರನ್ನಾದ್ರೂ ಕೇಳ್ರೀ. ಹಳೇ ಫೋಟೊ ಸಿಕ್ರೆ ಕಳ್ಸಿ. ಆಪರೇಷನ್ ಆಗಿದ್ಯಾ ಅಂತ ಕೇಳಿದ್ರಾ?"

ಪಕ್ಕದ ಕಾಲಂನಲ್ಲೇ ಕೆರೆ ಒತ್ತುವರಿಯ ಸುದ್ದಿ ಇತ್ತು. ನುಂಗಿದವರು ಮರುದಿನವೂ 'ಪ್ರಭಾವಿಯೊಬ್ಬರು' ಆಗಿಯೇ ಉಳಿದರು. ಅವರ ಒರಿಜಿನಲ್ ಹೆಸರಿಗಾಗಿ ಯಾರೂ ಫೋನು ಮಾಡಲಿಲ್ಲ.

ಓದುಗರಿಗೆ ಪೂರ್ತಿ ಸತ್ಯ ಗೊತ್ತಾಗಬೇಕಲ್ಲ ಎನ್ನುತ್ತೀರೇನೋ. ಆಗಲಿ. ಹಾಗಾದರೆ ರಾಜ್‌ಕುಮಾರ್ ಅವರ ಹೆಸರು ಬಂದಾಗಲೆಲ್ಲ ಪಕ್ಕದಲ್ಲಿ ಮುತ್ತುರಾಜ್ ಯಾಕಿಲ್ಲ? ವಿಷ್ಣುವರ್ಧನ್ ಪಕ್ಕದಲ್ಲಿ ಸಂಪತ್ ಕುಮಾರ್? ಮಠದ ಸ್ವಾಮಿಗಳು ಪೀಠ ಏರಿದ ಮೇಲೆ ಪೂರ್ವಾಶ್ರಮದ ಮಾತೆತ್ತುವುದೇ ಅಪಚಾರವೆಂದು ನಾಲಿಗೆ ಕಚ್ಚಿಕೊಳ್ಳುತ್ತೀರಿ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಸರ್ಕಾರದ ಒಂದು ಅಧಿಸೂಚನೆ ಸಾಕಾಯಿತು, ಡೆಸ್ಕಿಗೆ ಹೊಸ ಹೆಸರು ಸಲೀಸಾಗಿ ರೂಢಿಯಾಯಿತು. ಗೋಳಗುಮ್ಮಟದ ವೈದ್ಯಕೀಯ ದಾಖಲೆ ಯಾರೂ ಕೇಳಲಿಲ್ಲ.

ಅದೇ ವರ್ಷ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು: ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ. ಅದು ಡೆಸ್ಕಿಗೆ ಇನ್ನೂ ಮುಟ್ಟಿದಂತಿಲ್ಲ. ಟಪಾಲಿನಲ್ಲಿ ತಡವಾಗಿರಬೇಕು.

ಟ್ರಾನ್ಸ್ ಸಮುದಾಯದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ತಮ್ಮ ಹಳೆಯ ಹೆಸರನ್ನು ತಾವೇ ಹೇಳಿಕೊಂಡಿದ್ದಾರಲ್ಲ ಎಂದು ತಾವು ಪಟ್ಟು ಹಾಕಬಹುದು. ಹೌದು, ಹೇಳಿಕೊಂಡಿದ್ದಾರೆ. ಮನೆಯವರು ತಮ್ಮ ಪೆಟ್ಟಿಗೆ ತೆಗೆದು ತೋರಿಸಿದರೆಂದು ದಾರಿಹೋಕರಿಗೆಲ್ಲ ಬೀಗ ಒಡೆಯುವ ಹಕ್ಕು ಬರುವುದಿಲ್ಲ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದವರು, ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ರಾಮನಾಥ ಕೋವಿಂದ್ ಅವರು ಕೈಮುಗಿದು ನಿಂತಿದ್ದರು. ದೇಶದ ಪ್ರಥಮ ಪ್ರಜೆಗೇ ಬೇಡವಾದ 'ಮೂಲ' ತಮಗೇಕೆ ಬೇಕಾಯಿತೋ.

ತಮ್ಮ ವಂಶ ದೊಡ್ಡದು, ಅದನ್ನೂ ಬಲ್ಲೆ. ತಾತ ಬ್ರಿಟಿಷರ ರಿಜಿಸ್ಟರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ನೌಕರಿಯಲ್ಲಿದ್ದರು. ಸ್ವಾತಂತ್ರ್ಯ ಬಂದಮೇಲೆ ನಿವೃತ್ತರಾದರು ಎಂದುಕೊಂಡಿದ್ದೆವು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೆಕ್ಷನ್ ಸೇರಿ, ಅಂಥದ್ದೇ ಪಟ್ಟಿ ಇಡುವ ಅಧಿಕಾರ ಕಮಿಷನರಿಗೆ ಸಿಕ್ಕಿತು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಟ್ರಾನ್ಸ್ ಪುರುಷರ ವಿಷಯದಲ್ಲಿ ಮಾತ್ರ ತಾವು ಮೌನಿ. ಗಡ್ಡ ಬಿಟ್ಟವರನ್ನೂ 'ಮಂಗಳಮುಖಿಯರು' ಎಂಬ ಹೆಡ್ಡಿಂಗಿನಲ್ಲೇ ತುರುಕಿದರೆ ಜಾಗ ಉಳಿಯುತ್ತದೆ, ನಿಜ.

ಇನ್ನು ನಾನ್‌ಬೈನರಿ ಎಂದು ಹೇಳಿಕೊಂಡವರ ಸುದ್ದಿ ಬಂದರಂತೂ ಡೆಸ್ಕಿನ ತುಂಬ ಪಾಣಿನಿಗಳೇ. "ಅವನು ಅನ್ನೋದಾ, ಅವಳು ಅನ್ನೋದಾ? ಕನ್ನಡದಲ್ಲಿ ತುಂಬಾ ಕಷ್ಟ ರೀ." ಲೋಕಾಯುಕ್ತ ದಾಳಿಯಲ್ಲಿ ಬಾತ್‌ರೂಮಿನ ಸೀಲಿಂಗಿನಿಂದ ನೋಟಿನ ಕಂತೆ ಉದುರಿಸಿಕೊಂಡ ಎಂಜಿನಿಯರ್ ಬಗ್ಗೆ 'ಅವರು ವಿಚಾರಣೆಗೆ ಸಹಕರಿಸುತ್ತಿದ್ದಾರೆ' ಎಂದು ಬರೆಯುವಾಗ ಯಾವ ಕಷ್ಟವೂ ಕಾಣಲಿಲ್ಲ. ಜಾಮೀನು ಸಿಗುವ ಮೊದಲೇ ಬಹುವಚನ ಸಿಕ್ಕಿತು. ಅದೇ 'ಅವರು' ಇವರಿಗೆ ಕೊಡಬೇಕಾದಾಗ ಮಾತ್ರ ವ್ಯಾಕರಣ ಕೈಕೊಡುತ್ತದೆ.

ಸಾಹೇಬರೇ, ಇಲ್ಲಿಂದ ಬಿಡುವು ಪಡೆದರೆ ಹೊಟ್ಟೆಪಾಡಿನ ಚಿಂತೆಯೇನೂ ಬೇಡ, ಬೇರೆ ಕೆಲಸ ನೋಡಿಟ್ಟಿದ್ದೇನೆ. 2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹರಾದರು. ಅವರಲ್ಲಿ ಹಲವರು ಪಕ್ಷ ಬದಲಿಸಿ, ಉಪಚುನಾವಣೆ ಗೆದ್ದು, ಮಂತ್ರಿಗಳೂ ಆದರು. ಅಂಥವರ ಹೆಸರು ಬಂದಾಗಲೆಲ್ಲ 'ಮೂಲ ಪಕ್ಷ ಇಂಥದ್ದು' ಎಂದು ತಿಳಿಯಲು ಓದುಗರಿಗೆ ನಿಜವಾಗಿಯೂ ಕುತೂಹಲವಿದೆ. ಹಳೇ ಫೋಟೊ ಕೂಡ ಧಾರಾಳವಾಗಿ ಸಿಗುತ್ತದೆ, ಬೇರೆ ಬೇರೆ ಬಣ್ಣದ ಶಾಲಿನಲ್ಲಿ. ಕೆಲವರಿಗೆ ತಾವೊಬ್ಬರೇ ಸಾಲಲಿಕ್ಕಿಲ್ಲ. ಗಣಿತದಲ್ಲಿರುವ ತಮ್ಮ ಬಂಧುಗಳಾದ ಸ್ಕ್ವೇರ್ ಬ್ರಾಕೆಟ್, ಫ್ಲವರ್ ಬ್ರಾಕೆಟ್ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಬನ್ನಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ

ತಾ.ಕ.: ಈ ಪತ್ರದಲ್ಲಿ ತಮಗೆ ಒಂದು ಕಡೆಯೂ ಕೆಲಸ ಕೊಟ್ಟಿಲ್ಲ. ಆದರೂ ಯಾರಿಗೂ ಯಾವ ಗೊಂದಲವೂ ಆದಂತೆ ಕಾಣಲಿಲ್ಲ.